ಗಾಂಜಾ ಬಳಕೆ ಮತ್ತು ಕಿರು ಸಮಾಲೋಚನೆ: ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು

ಗಾಂಜಾ ಸೇದಿ ತೊಂದರೆಗೆ ಸಿಕ್ಕಿಕೊಳ್ಳುತ್ತಿರುವ, ಆದರೆ ಇನ್ನೂ ಅದರ ಪೂರ್ತಿ ಹಿಡಿತಕ್ಕೆ ಬೀಳದ ಯುವಜನರೊಂದಿಗೆ ವೈದ್ಯರು, ನರ್ಸ್‌ಗಳು ಅಥವಾ ಆಪ್ತಸಮಾಲೋಚಕರು ಗೊತ್ತಾದ ಕ್ರಮದಲ್ಲಿ ನಡೆಸುವ ಮಾತುಕತೆಗೆ ಕಿರು ಸಮಾಲೋಚನೆ ಎನ್ನುತ್ತಾರೆ. ಅದು ಐದು ನಿಮಿಷದಲ್ಲಿ ಮುಗಿಯಬಹುದು, ಅರ್ಧ ಗಂಟೆ ಹಿಡಿಯಬಹುದು, ಕೆಲವೊಮ್ಮೆ ಎರಡು ಮೂರು ಭೇಟಿಗೂ ಚಾಚಬಹುದು. ಇದರಲ್ಲಿ ಮಾತ್ರೆಯಿಲ್ಲ, ಚುಚ್ಚುಮದ್ದಿಲ್ಲ, ಆಸ್ಪತ್ರೆಗೆ ಸೇರಿಸುವುದಿಲ್ಲ. ಗಾಂಜಾ ಅವಲಂಬನೆಗೆಂದೇ ಒಪ್ಪಿಗೆ ಪಡೆದ ಔಷಧಿ ಜಗತ್ತಿನಲ್ಲಿ ಈವರೆಗೆ ಯಾವುದೂ ಇಲ್ಲದ ಕಾರಣ, ಚಿಕಿತ್ಸೆಯ ಬಹುಭಾಗ ಮಾತಿನ ಮೇಲೆಯೇ ನಿಂತಿದೆ. ಆ ಮಾತನ್ನು ಯಾರು, ಎಲ್ಲಿ, ಯಾವಾಗ ಆಡಬೇಕು ಎಂಬುದು ಬೆಂಗಳೂರಿಗಿಂತ ಹಾನಗಲ್ಲಿನಂಥ ಊರಿಗೆ ಹೆಚ್ಚು ಮುಖ್ಯವಾದ ಪ್ರಶ್ನೆ.

ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಈಗ ಹಾವೇರಿ ಜಿಲ್ಲೆಯ ತಾಲ್ಲೂಕುಗಳು. 1997ರವರೆಗೆ ಇವು ಧಾರವಾಡ ಜಿಲ್ಲೆಯಲ್ಲಿದ್ದವು. ಬ್ರಿಟಿಷರ ಕಾಲದಲ್ಲಿ ಹಾನಗಲ್ ಮುಂಬಯಿ ಪ್ರಾಂತ್ಯದ ತಾಲ್ಲೂಕಾಗಿತ್ತು. ಹಿರೇಕೆರೂರು ಕೋಡ ತಾಲ್ಲೂಕಿನ, ಶಿಗ್ಗಾವಿ ಬಂಕಾಪುರ ತಾಲ್ಲೂಕಿನ ಕೇಂದ್ರಸ್ಥಳಗಳಾಗಿದ್ದವು. ಸವಣೂರು ನವಾಬರ ಸಂಸ್ಥಾನವಾಗಿತ್ತು. ಭತ್ತ, ಮಾವು, ಮೆಕ್ಕೆಜೋಳ, ಹತ್ತಿ, ವೀಳ್ಯದೆಲೆ ಬೆಳೆಯುವ ಈ ನೆಲದ ಹುಡುಗರು ಇಂದು ಐಟಿಐಗೆ, ಪದವಿ ಕಾಲೇಜಿಗೆ ಹೋಗುತ್ತಾರೆ. ಹುಬ್ಬಳ್ಳಿ, ಗೋವಾ, ಬೆಂಗಳೂರಿನ ಕೆಲಸಗಳಿಗೆ ಹೋಗಿ ಬರುತ್ತಾರೆ. ಪುಣೆ–ಬೆಂಗಳೂರು ಹೆದ್ದಾರಿ ಶಿಗ್ಗಾವಿ ತಾಲ್ಲೂಕನ್ನು ಸೀಳಿಕೊಂಡು ಸಾಗುತ್ತದೆ. ಅದೇ ತಾಲ್ಲೂಕಿನ ಗೊಟಗೋಡಿಯಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ. ಹಾಸ್ಟೆಲ್ಲು, ಬಾಡಿಗೆ ಕೋಣೆ, ಮೊದಲ ಸಂಬಳ, ಮನೆಯವರ ಕಣ್ಣಿಂದ ದೂರವಿರುವ ಸಂಜೆಗಳು: ಹದಿನೆಂಟರಿಂದ ಇಪ್ಪತ್ತೈದರ ನಡುವಿನ ಈ ವಯಸ್ಸಿನಲ್ಲೇ ಗಾಂಜಾ ಬಳಕೆ ಜಗತ್ತಿನೆಲ್ಲೆಡೆ ಏರುಮುಖದಲ್ಲಿರುತ್ತದೆ, ಈ ನಾಡೂ ಅದಕ್ಕೆ ಹೊರತಲ್ಲ.

ಗಾಂಜಾ ಇಲ್ಲಿಗೆ ಹೊಸದಾಗಿ ಬಂದ ವಸ್ತುವೂ ಅಲ್ಲ. ಜಾತ್ರೆಗಳಲ್ಲಿ, ಮಠಗಳ ಅಂಗಳದಲ್ಲಿ ಚಿಲುಮೆ ಹಿಡಿದ ಸಾಧುಗಳನ್ನು ಉತ್ತರ ಕರ್ನಾಟಕದ ಹಿರಿಯರೆಲ್ಲ ಕಂಡಿದ್ದಾರೆ. ಯಾದಗಿರಿ ಜಿಲ್ಲೆಯ ತಿಂಥಿಣಿ ಮೌನೇಶ್ವರ ಕ್ಷೇತ್ರದಲ್ಲಿ ಜಾತ್ರೆಯ ಸಮಯ ಗಾಂಜಾವನ್ನು ಪ್ರಸಾದವೆಂದು ಭಾವಿಸುವ ರೂಢಿಯ ಬಗ್ಗೆ 2020ರಲ್ಲಿ ಪತ್ರಿಕೆಗಳು ವಿವರವಾಗಿ ಬರೆದವು. ಅಲ್ಲಿನ ಭಕ್ತರು ಅದನ್ನು ಧ್ಯಾನದ ಸಾಧನ ಎನ್ನುತ್ತಾರೆ, ಚಟ ಎಂದು ಒಪ್ಪುವುದಿಲ್ಲ. ಬ್ರಿಟಿಷ್ ಸರ್ಕಾರ 1893ರಲ್ಲಿ ನೇಮಿಸಿದ ಇಂಡಿಯನ್ ಹೆಂಪ್ ಡ್ರಗ್ಸ್ ಆಯೋಗ ಮುಂಬಯಿ ಪ್ರಾಂತ್ಯವೂ ಸೇರಿ ದೇಶದ ಉದ್ದಗಲದಲ್ಲಿ 1,193 ಜನರ ಹೇಳಿಕೆ ಪಡೆಯಿತು. ಮಿತವಾದ ಬಳಕೆಯಿಂದ ಹೇಳಿಕೊಳ್ಳುವಂಥ ಹಾನಿಯಿಲ್ಲ, ಅತಿಯಾದರೆ ಹಾನಿಯುಂಟು ಎಂಬುದು 1894ರಲ್ಲಿ ಅದು ಕೊಟ್ಟ ವರದಿಯ ಸಾರ. ಮಿತ ಎಲ್ಲಿ ಮುಗಿದು ಅತಿ ಎಲ್ಲಿ ಶುರುವಾಗುತ್ತದೆ ಎಂಬುದೇ ಇಂದಿನ ಕಿರು ಸಮಾಲೋಚನೆಯ ಮೊದಲ ಕೆಲಸ.

ಆಯೋಗದ ಕಾಲದ ಬಳಕೆಗೂ ಈಗಿನದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಅಂದಿನ ಚಿಲುಮೆಗೆ ಜಾತ್ರೆ, ಹಬ್ಬ, ಗುರು, ಕಟ್ಟಳೆ ಎಂಬ ಬೇಲಿಗಳಿದ್ದವು. ಇಂದು ಸಿಗರೇಟಿನ ತಂಬಾಕು ಉದುರಿಸಿ, ಗಾಂಜಾ ಬೆರೆಸಿ ಮತ್ತೆ ತುಂಬಿ ಸೇದುವ ಹುಡುಗನಿಗೆ ಆ ಬೇಲಿ ಯಾವುದೂ ಇಲ್ಲ. ತಂಬಾಕಿನ ನಿಕೋಟಿನ್ ಜೊತೆಗೇ ಒಳಹೋಗುವುದರಿಂದ ಅವನಿಗೆ ಅಂಟಿಕೊಳ್ಳುವುದು ಒಂದಲ್ಲ, ಎರಡು ಚಟ.

2019ರಲ್ಲಿ ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್‌ನ ರಾಷ್ಟ್ರೀಯ ವ್ಯಸನ ಚಿಕಿತ್ಸಾ ಕೇಂದ್ರ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, 10ರಿಂದ 75 ವರ್ಷದ ಭಾರತೀಯರಲ್ಲಿ ಶೇ. 2.8 ಮಂದಿ, ಅಂದರೆ ಸುಮಾರು 3.1 ಕೋಟಿ ಜನ, ಹಿಂದಿನ ಒಂದು ವರ್ಷದಲ್ಲಿ ಗಾಂಜಾ, ಚರಸ್ ಅಥವಾ ಭಂಗಿ ಬಳಸಿದ್ದರು. ಇವರಲ್ಲಿ ನೆರವಿನ ಅಗತ್ಯವಿರುವವರು ಸುಮಾರು 72 ಲಕ್ಷ. ಸಮಾಲೋಚನೆಯ ಲೆಕ್ಕಾಚಾರ ನಿಂತಿರುವುದು ಈ ಎರಡು ಅಂಕಿಗಳ ನಡುವಿನ ಅಂತರದ ಮೇಲೆ. ಬಳಸಿದವರೆಲ್ಲ ರೋಗಿಗಳಲ್ಲ. ಅವರಲ್ಲಿ ಯಾರು ಜಾರುತ್ತಿದ್ದಾರೆ ಎಂದು ಬೇಗ ಗುರುತಿಸಿದರೆ, ಆ 72 ಲಕ್ಷಕ್ಕೆ ಹೊಸಬರು ಸೇರುವುದನ್ನು ಕಡಿಮೆ ಮಾಡಬಹುದು. ಒಮ್ಮೆಯಾದರೂ ಗಾಂಜಾ ಬಳಸಿದವರಲ್ಲಿ ಹತ್ತರಲ್ಲಿ ಒಬ್ಬರು ಮುಂದೆ ಅವಲಂಬಿತರಾಗುತ್ತಾರೆ. ಹದಿಹರೆಯದಲ್ಲೇ ಶುರು ಮಾಡಿದವರಲ್ಲಿ ಆರರಲ್ಲಿ ಒಬ್ಬರು ಎಂಬುದು ಸಂಶೋಧಕರು ಸಾಮಾನ್ಯವಾಗಿ ಒಪ್ಪುವ ಅಂದಾಜು.

ಹಾನಿಯ ವಿಷಯದಲ್ಲಿ ಎರಡು ತಪ್ಪು ಮಾತುಗಳು ಊರಲ್ಲಿ ಒಟ್ಟೊಟ್ಟಿಗೆ ಓಡಾಡುತ್ತವೆ. ಒಂದು ಬಾರಿ ಸೇದಿದರೆ ಹುಚ್ಚು ಹಿಡಿಯುತ್ತದೆ ಎಂಬುದು ಮನೆಯವರ ಮಾತು. ಗಿಡದ ಸೊಪ್ಪು ತಾನೇ, ಏನೂ ಆಗುವುದಿಲ್ಲ ಎಂಬುದು ಗೆಳೆಯರ ಮಾತು. ನಿಜ ಇವೆರಡಕ್ಕೂ ಹೊರಗಿದೆ. ಗಾಂಜಾದ ನಶೆಗೆ ಕಾರಣವಾದ ಟಿಎಚ್‌ಸಿ ಎಂಬ ರಾಸಾಯನಿಕವನ್ನು ಇಸ್ರೇಲಿನ ವಿಜ್ಞಾನಿಗಳು 1964ರಲ್ಲಿ ಬೇರ್ಪಡಿಸಿದರು. ಅದು ನೆನಪು, ಗಮನ, ಕಾಲದ ಅರಿವು, ವಾಹನ ಓಡಿಸುವಾಗ ಬೇಕಾದ ಚುರುಕು ಇವುಗಳ ಮೇಲೆ ನೇರ ಪರಿಣಾಮ ಬೀರುತ್ತದೆ. ಸ್ವೀಡನ್ನಿನಲ್ಲಿ 45,570 ಸೈನಿಕ ಭರ್ತಿಯ ಯುವಕರನ್ನು ಹದಿನೈದು ವರ್ಷ ಗಮನಿಸಿ 1987ರಲ್ಲಿ ಪ್ರಕಟಿಸಿದ ಅಧ್ಯಯನ, ಐವತ್ತಕ್ಕೂ ಹೆಚ್ಚು ಬಾರಿ ಬಳಸಿದವರಲ್ಲಿ ಸ್ಕಿಜೋಫ್ರೇನಿಯಾದ ಅಪಾಯ ಬಳಸದವರಿಗಿಂತ ಆರು ಪಟ್ಟು ಎಂದು ತೋರಿಸಿತು. ಮನೆತನದಲ್ಲಿ ಮನೋರೋಗ ಇದ್ದವರಿಗೆ ಅಪಾಯ ಇನ್ನೂ ಹೆಚ್ಚು. ದಿನವೂ ಸೇದುವವನು ಥಟ್ಟನೆ ಬಿಟ್ಟರೆ ನಿದ್ದೆ ಕೆಡುತ್ತದೆ, ಸಿಟ್ಟು ಬರುತ್ತದೆ, ಹಸಿವು ಹೋಗುತ್ತದೆ. ಮೊದಲ ವಾರ ಇದು ಜೋರಾಗಿದ್ದು, ಎರಡು ವಾರದ ಹೊತ್ತಿಗೆ ಬಹುಮಟ್ಟಿಗೆ ಇಳಿಯುತ್ತದೆ. 2013ರಲ್ಲಿ ಅಮೆರಿಕದ ಮನೋವೈದ್ಯರ ರೋಗನಿರ್ಣಯ ಕೈಪಿಡಿ ಇದನ್ನು ಮೊದಲ ಬಾರಿಗೆ ಒಂದು ವೈದ್ಯಕೀಯ ಸ್ಥಿತಿಯೆಂದು ಸೇರಿಸಿಕೊಂಡಿತು. ಬಿಟ್ಟ ಮೂರನೇ ದಿನ ಮನೆಯಲ್ಲಿ ತಟ್ಟೆ ಎಸೆದ ಹುಡುಗನಿಗೂ ಅವನ ತಾಯಿಗೂ ಈ ಸಂಗತಿ ಮೊದಲೇ ಗೊತ್ತಿದ್ದರೆ, ಅವನು ನಾಲ್ಕನೇ ದಿನ ಮತ್ತೆ ಸೇದುವುದನ್ನು ತಪ್ಪಿಸಬಹುದು.

ಠಾಣೆ ಮತ್ತು ಆಸ್ಪತ್ರೆಯ ನಡುವೆ

1985ರ ಎನ್‌ಡಿಪಿಎಸ್ ಕಾಯ್ದೆಯಡಿ ಗಾಂಜಾ ಬೆಳೆಯುವುದು, ಇಟ್ಟುಕೊಳ್ಳುವುದು, ಮಾರುವುದು, ಸೇದುವುದು ಎಲ್ಲವೂ ಅಪರಾಧ. ಒಂದು ಕಿಲೋವರೆಗಿನದನ್ನು ಸಣ್ಣ ಪ್ರಮಾಣವೆಂದೂ 20 ಕಿಲೋಗಿಂತ ಹೆಚ್ಚಿನದನ್ನು ವಾಣಿಜ್ಯ ಪ್ರಮಾಣವೆಂದೂ ಪರಿಗಣಿಸಲಾಗುತ್ತದೆ. ಬರಿಯ ಸೇವನೆಗೆ 27ನೇ ಕಲಮಿನಡಿ ಆರು ತಿಂಗಳವರೆಗೆ ಸಜೆ ಅಥವಾ ಹತ್ತು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಮೆಕ್ಕೆಜೋಳ, ಹತ್ತಿ, ಕಬ್ಬಿನ ನಡುವೆ ಬೆಳೆದ ಗಾಂಜಾ ಗಿಡಗಳನ್ನು ಪೊಲೀಸರು ಕಿತ್ತ ಸುದ್ದಿ ಉತ್ತರ ಕರ್ನಾಟಕದ ಪತ್ರಿಕೆಗಳಲ್ಲಿ ಪ್ರತಿ ವರ್ಷ ಬರುತ್ತದೆ. ಆದರೆ ಅದೇ ಕಾಯ್ದೆಯ 64ಎ ಕಲಮಿನ ಸುದ್ದಿ ಎಲ್ಲೂ ಬರುವುದಿಲ್ಲ. ಸೇವನೆಯ ಅಥವಾ ಸಣ್ಣ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿ ಸರ್ಕಾರದ ಮಾನ್ಯತೆಯಿರುವ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಮುಂದಾಗಿ ಅದನ್ನು ಪೂರೈಸಿದರೆ, ಆ ಪ್ರಕರಣದಲ್ಲಿ ಅವನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ ಎನ್ನುತ್ತದೆ ಆ ಕಲಮು. 39ನೇ ಕಲಮು ನ್ಯಾಯಾಲಯಕ್ಕೆ ಶಿಕ್ಷೆಯ ಬದಲು ಚಿಕಿತ್ಸೆಗೆ ಕಳಿಸುವ ಅಧಿಕಾರ ಕೊಡುತ್ತದೆ. ತಾಲ್ಲೂಕು ಮಟ್ಟದ ವಕೀಲರೂ ಪೊಲೀಸ್ ಅಧಿಕಾರಿಗಳೂ ಈ ಎರಡು ಕಲಮುಗಳನ್ನು ಇನ್ನಷ್ಟು ಧಾರಾಳವಾಗಿ ಬಳಸಬೇಕು.

ಕಾನೂನಿನ ಭಯ ಸಮಾಲೋಚನೆಗೆ ಅತಿ ದೊಡ್ಡ ಅಡ್ಡಿ. ಹೇಳಿದರೆ ಪೊಲೀಸರಿಗೆ ಗೊತ್ತಾಗುತ್ತದೆ ಎಂದುಕೊಂಡ ಹುಡುಗ ಬಾಯಿ ಬಿಡುವುದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ ತನ್ನ ವ್ಯಾಪ್ತಿಗೆ ತಂದು, ರೋಗಿಯ ಮಾಹಿತಿ ಗುಟ್ಟಾಗಿರಬೇಕು ಎಂಬ ಹಕ್ಕನ್ನು ಕೊಟ್ಟಿದೆ. ಹೊರರೋಗಿ ವಿಭಾಗದ ಗದ್ದಲದ ನಡುವೆ, ಹಿಂದೆ ನಿಂತವರಿಗೆಲ್ಲ ಕೇಳುವಂತೆ ಗಾಂಜಾ ಸೇದುತ್ತೀಯಾ ಎಂದು ಕೇಳಿದರೆ ಆ ಹಕ್ಕಿಗೆ ಅರ್ಥವಿಲ್ಲ. ಸಣ್ಣದಾದರೂ ಬಾಗಿಲು ಮುಚ್ಚುವ ಒಂದು ಕೋಣೆ ಬೇಕು.

ಮಾತುಕತೆಯ ಒಳಗೆ

ಮೊದಲು ಅಳತೆ. ವಿಶ್ವ ಆರೋಗ್ಯ ಸಂಸ್ಥೆ 1997ರಿಂದ ಹಲವು ದೇಶಗಳ ತಜ್ಞರೊಂದಿಗೆ ರೂಪಿಸಿದ ಅಸಿಸ್ಟ್ ಎಂಬ ಪ್ರಶ್ನಾವಳಿಯಲ್ಲಿ ಎಂಟು ಪ್ರಶ್ನೆಗಳಿವೆ. ಕಳೆದ ಮೂರು ತಿಂಗಳಲ್ಲಿ ಎಷ್ಟು ಸಲ ಸೇದಿದೆ, ಎಷ್ಟು ಸಲ ಬೇಕೇಬೇಕು ಅನ್ನಿಸಿತು, ಆರೋಗ್ಯಕ್ಕೆ, ಹಣಕ್ಕೆ, ಕಾನೂನಿಗೆ ಸಂಬಂಧಿಸಿ ತೊಂದರೆಯಾಯಿತೇ, ಮಾಡಬೇಕಾದ ಕೆಲಸ ತಪ್ಪಿತೇ, ಯಾರಾದರೂ ಆತಂಕ ತೋರಿಸಿದರೇ, ಕಡಿಮೆ ಮಾಡಲು ಹೋಗಿ ಸೋತೆಯಾ ಎಂದು ಅದು ಕೇಳುತ್ತದೆ. ಗಾಂಜಾಕ್ಕೆ 3ರವರೆಗಿನ ಅಂಕ ಕಡಿಮೆ ಅಪಾಯ. 4ರಿಂದ 26 ಮಧ್ಯಮ ಅಪಾಯ; ಕಿರು ಸಮಾಲೋಚನೆ ಇವರಿಗಾಗಿ. 27 ಅಥವಾ ಅದಕ್ಕಿಂತ ಹೆಚ್ಚು ಅಂಕ ಬಂದವರನ್ನು ಮನೋವೈದ್ಯರ ಬಳಿಗೆ ಕಳಿಸಬೇಕು. ಪ್ರಶ್ನೆಗಳನ್ನು ತಂಬಾಕಿನಿಂದ, ಮದ್ಯದಿಂದ ಶುರು ಮಾಡುವುದು ಈ ಪ್ರಶ್ನಾವಳಿಯ ಜಾಣತನ: ಬೀಡಿಯ ಬಗ್ಗೆ ಸಲೀಸಾಗಿ ಉತ್ತರಿಸಿದವನು ಮುಂದಿನ ಪ್ರಶ್ನೆಗೂ ಸಿದ್ಧನಾಗಿರುತ್ತಾನೆ.

ಅಂಕ ಬಂದ ಮೇಲೆ ಉಪದೇಶಕ್ಕೆ ಇಳಿಯುವುದು ನಮ್ಮ ಕಡೆಯ ರೂಢಿ. ಅಲ್ಲೇ ಕಿರು ಸಮಾಲೋಚನೆ ಬೇರೆ ದಾರಿ ಹಿಡಿಯುತ್ತದೆ. ವಿಲಿಯಂ ಮಿಲ್ಲರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1983ರಲ್ಲಿ ಬರೆದ ಒಂದು ಲೇಖನದಿಂದ ಬೆಳೆದು, 1991ರಲ್ಲಿ ಸ್ಟೀಫನ್ ರಾಲ್ನಿಕ್ ಜೊತೆ ಸೇರಿ ಪುಸ್ತಕವಾಗಿ ತಂದ ಪ್ರೇರಣಾ ಸಂವಾದ ಎಂಬ ವಿಧಾನ ಇದರ ಬುನಾದಿ. ಬಿಡು ಎಂದು ಒತ್ತಾಯಿಸಿದಷ್ಟೂ ಮನುಷ್ಯ ಹಿಡಿದುಕೊಂಡದ್ದನ್ನು ಸಮರ್ಥಿಸುತ್ತಾನೆ. ಬದಲಾವಣೆಯ ಕಾರಣಗಳನ್ನು ಅವನ ಬಾಯಿಂದಲೇ ಹೊರಡಿಸಿದರೆ ಅವನೇ ಅವಕ್ಕೆ ಕಿವಿಗೊಡುತ್ತಾನೆ ಎಂಬುದು ಮಿಲ್ಲರ್ ಕಂಡುಕೊಂಡ ಸಂಗತಿ. ಹುಡುಗನ ಸ್ವಂತ ಅಂಕವನ್ನು ಅವನಿಗೆ ತಿಳಿಸುವುದು, ನಿರ್ಧಾರ ಅವನದೇ ಎಂದು ಒಪ್ಪುವುದು, ಕೇಳಿದರೆ ಸ್ಪಷ್ಟ ಸಲಹೆ ಕೊಡುವುದು, ಒಂದಲ್ಲ ಹಲವು ದಾರಿಗಳನ್ನು ಮುಂದಿಡುವುದು, ಅವನ ಕಷ್ಟಕ್ಕೆ ಮರುಗುವುದು, ನಿನ್ನಿಂದ ಆಗುತ್ತದೆ ಎಂಬ ಧೈರ್ಯ ತುಂಬುವುದು ಈ ಮಾತುಕತೆಯ ಅಂಗಗಳು.

ಹಾನಗಲ್ ಕಡೆಯ ಒಂದು ಆಸ್ಪತ್ರೆಯಲ್ಲಿ ನಿದ್ದೆ ಬರುವುದಿಲ್ಲ ಎಂದು ಬಂದ ಇಪ್ಪತ್ತೊಂದರ ಹುಡುಗನೊಂದಿಗೆ ನರ್ಸ್ ಆಡಬಹುದಾದ ಮಾತು ಈ ಬಗೆಯದು. ಇದು ಕಲಿಕೆಗಾಗಿ ಕಟ್ಟಿದ ಮಾದರಿ.

"ತಮ್ಮಾ, ನೀ ಹೇಳಿದ್ದು ಈ ಖೋಲಿ ದಾಟಂಗಿಲ್ಲ. ಸೇದಿದ್ರ ನಿನಗ ಛಲೋ ಅನಸೋದು ಏನು?"

"ನಿದ್ದಿ ಬರತೈತ್ರಿ ಅಕ್ಕಾರ. ಗೆಳ್ಯಾರ ಕೂಡ ಕುಂತಾಗ ಮನಸ್ಸು ಹಗರ ಆಕ್ಕೈತಿ."

"ಮತ್ತ, ಛಲೋ ಅನಸದ್ದು?"

"ಮುಂಜಾನೆ ಏಳಾಕ ಆಗಂಗಿಲ್ಲ. ಐಟಿಐದಾಗ ಹಾಜರಿ ಕಡಿಮಿ ಬಿತ್ತು. ಅವ್ವ ಮಾತಾಡೋದ ಬಿಟ್ಟಾಳ."

"ಅಂದ್ರ, ನಿದ್ದಿಗಂತ ಸೇದ್ತಿ, ಮುಂಜಾನೆ ಅದ ನಿನ್ನ ಏಳಗೊಡವಲ್ದು. ಅವ್ವ ಮಾತು ಬಿಟ್ಟಿದ್ದು ನಿನಗ ನೋವಾಗೇತಿ. ಬದಲ್ ಮಾಡ್ಕೋಬೇಕು ಅಂತ ಎಷ್ಟರಮಟ್ಟಿಗೆ ಅನಸ್ತೈತಿ, ಹತ್ತರಾಗ?"

"ನಾಕು ಅನ್ರಿ."

"ಒಂದು ಅನ್ನಲಿಲ್ಲ, ನಾಕು ಅಂದಿ. ಯಾಕ?"

ಈ ಕೊನೆಯ ಪ್ರಶ್ನೆಯಲ್ಲೇ ಕಸುಬು ಅಡಗಿದೆ. ನಾಲ್ಕೇ ಯಾಕೆ, ಹತ್ತು ಯಾಕಿಲ್ಲ ಎಂದು ಕೇಳಿದ್ದರೆ ಹುಡುಗ ಬಿಡಲಾರದ ಕಾರಣಗಳನ್ನು ಪಟ್ಟಿ ಮಾಡುತ್ತಿದ್ದ. ಒಂದು ಯಾಕಲ್ಲ ಎಂದಾಗ ಬಿಡಬೇಕೆನ್ನುವ ಕಾರಣಗಳನ್ನು ಹೇಳತೊಡಗುತ್ತಾನೆ. ನರ್ಸ್ ಅವನ್ನು ಎತ್ತಿಕೊಂಡು ಮತ್ತೆ ಅವನಿಗೇ ಒಪ್ಪಿಸುತ್ತಾರೆ. ಕೊನೆಗೆ ಒಂದು ಸಣ್ಣ, ಅಳೆಯಬಹುದಾದ ನಿರ್ಧಾರ ಅವನಿಂದಲೇ ಬರಬೇಕು: ವಾರದ ದಿನಗಳಲ್ಲಿ ಸೇದುವುದಿಲ್ಲ, ಬೈಕ್ ಓಡಿಸುವ ಮುನ್ನ ಸೇದುವುದಿಲ್ಲ, ಹದಿನೈದು ದಿನ ಪೂರ್ತಿ ಬಿಟ್ಟು ನೋಡುತ್ತೇನೆ. ಪೂರ್ತಿ ಬಿಡುವುದೇ ಗುರಿಯಾಗಬೇಕೇ, ಕಡಿಮೆ ಮಾಡಿದರೂ ಸಾಕೇ ಎಂಬ ವಾದ ತಜ್ಞರಲ್ಲೂ ಇದೆ. ಬಿಡುವುದೇ ಸುರಕ್ಷಿತ ಎಂದು ಹೇಳುವುದು ಆರೋಗ್ಯ ಸಿಬ್ಬಂದಿಯ ಕರ್ತವ್ಯ; ಆದರೆ ಕಡಿಮೆ ಮಾಡುತ್ತೇನೆ ಎಂದು ಬಂದವನನ್ನು ಬಾಗಿಲಿಂದ ಹಿಂದೆ ಕಳಿಸುವುದು ತಪ್ಪು. ನಿದ್ದೆಯ ತೊಂದರೆಯಿಂದ ಬಂದವನಿಗೆ ನಿದ್ದೆಯ ದಾರಿ ತೋರಿಸದೆ ಗಾಂಜಾ ಬಿಡು ಎನ್ನುವುದರಲ್ಲೂ ಪ್ರಯೋಜನವಿಲ್ಲ.

ಫಲವೆಷ್ಟು

ಇಪ್ಪತ್ತು ನಿಮಿಷದ ಮಾತಿನಿಂದ ನಿಜಕ್ಕೂ ಏನಾದರೂ ಆಗುತ್ತದೆಯೇ? ಇದಕ್ಕೆ ಬಂದ ಉತ್ತರಗಳು ಒಂದೇ ದಿಕ್ಕಿನವಲ್ಲ, ಮತ್ತು ಅದನ್ನು ಮುಚ್ಚಿಟ್ಟು ಪ್ರಚಾರ ಮಾಡುವುದು ಈ ವಿಧಾನಕ್ಕೇ ಕೆಡುಕು.

ಲಂಡನ್ನಿನ ಕಾಲೇಜುಗಳಲ್ಲಿ ಜಿಮ್ ಮ್ಯಾಕೇಂಬ್ರಿಜ್ ಮತ್ತು ಜಾನ್ ಸ್ಟ್ರಾಂಗ್ 16ರಿಂದ 20 ವಯಸ್ಸಿನ 200 ವಿದ್ಯಾರ್ಥಿಗಳ ಮೇಲೆ ನಡೆಸಿ 2004ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದೇ ಒಂದು ಪ್ರೇರಣಾ ಸಂವಾದ ಮೂರು ತಿಂಗಳ ಹೊತ್ತಿಗೆ ಗಾಂಜಾ, ಸಿಗರೇಟು, ಮದ್ಯ ಮೂರನ್ನೂ ಕಡಿಮೆ ಮಾಡಿತ್ತು. ವರ್ಷ ಕಳೆದು ನೋಡಿದಾಗ ಸಮಾಲೋಚನೆ ಪಡೆದವರಿಗೂ ಪಡೆಯದವರಿಗೂ ಇದ್ದ ವ್ಯತ್ಯಾಸ ಬಹುಪಾಲು ಮಾಸಿಹೋಗಿತ್ತು. ಅದೇ ಸಂಶೋಧಕರು 2008ರಲ್ಲಿ ಸಂವಾದವನ್ನು ಸಾಮಾನ್ಯ ಮಾಹಿತಿ ಮತ್ತು ಸಲಹೆಯೊಂದಿಗೆ ಹೋಲಿಸಿದಾಗ ಎರಡರ ಫಲವೂ ಒಂದೇ ಆಗಿತ್ತು. ಅಮೆರಿಕದ ಬಾಸ್ಟನ್ನಿನಲ್ಲಿ ರಿಚರ್ಡ್ ಸೈಟ್ಸ್ ತಂಡ 528 ವಯಸ್ಕರ ಮೇಲೆ ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ನಿರಾಸೆ ತಂದಿತು: ಹತ್ತು ಹದಿನೈದು ನಿಮಿಷದ ಮಾತಾಗಲಿ, ಮುಕ್ಕಾಲು ಗಂಟೆಯವರೆಗಿನ ಸಂವಾದವಾಗಲಿ ಆರು ತಿಂಗಳ ನಂತರದ ಮಾದಕ ಬಳಕೆಯನ್ನು ಕಡಿಮೆ ಮಾಡಲಿಲ್ಲ. ಅವರಲ್ಲಿ ಹೆಚ್ಚಿನವರ ಮುಖ್ಯ ಮಾದಕ ಗಾಂಜಾವೇ ಆಗಿತ್ತು.

ಭಾರತದ ಮಟ್ಟಿಗೆ ಹೆಚ್ಚು ಮುಖ್ಯವಾದದ್ದು ವಿಶ್ವ ಆರೋಗ್ಯ ಸಂಸ್ಥೆಯೇ ನಡೆಸಿದ ಪ್ರಯೋಗ. ಆಸ್ಟ್ರೇಲಿಯ, ಬ್ರೆಜಿಲ್, ಭಾರತ, ಅಮೆರಿಕ ನಾಲ್ಕು ದೇಶಗಳಲ್ಲಿ ಅಸಿಸ್ಟ್ ಪ್ರಶ್ನಾವಳಿ ಕೇಳಿ, ಮಧ್ಯಮ ಅಪಾಯದಲ್ಲಿದ್ದ 731 ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ಕಿರು ಸಮಾಲೋಚನೆ ಕೊಡಲಾಯಿತು. 2012ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಮೂರು ತಿಂಗಳ ನಂತರ ಸಮಾಲೋಚನೆ ಪಡೆದವರ ಗಾಂಜಾ ಅಂಕ ಹೆಚ್ಚು ಇಳಿದಿತ್ತು. ಭಾರತದ ಕೇಂದ್ರದಲ್ಲಿ ಫಲ ಸ್ಪಷ್ಟವಾಗಿತ್ತು; ಅಮೆರಿಕದಲ್ಲಿ ಮಾತ್ರ ಎರಡು ಗುಂಪುಗಳ ನಡುವೆ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಮಾದಕ ಬಳಕೆಯ ಬಗ್ಗೆ ಆಸ್ಪತ್ರೆಯಲ್ಲಿ ಯಾರೂ ಯಾವತ್ತೂ ಸಮಾಧಾನದಿಂದ ಕೇಳಿರದ ಸಮಾಜದಲ್ಲಿ ಮೊದಲ ಬಾರಿ ಕೇಳಿದ ಮಾತಿಗೆ ಹೆಚ್ಚು ತೂಕವಿರುತ್ತದೆ ಎಂದು ಇದನ್ನು ಓದಬಹುದು. ಅದು ಊಹೆಯೇ ಆದರೂ, ನಮ್ಮ ತಾಲ್ಲೂಕು ಆಸ್ಪತ್ರೆಗಳನ್ನು ಬಲ್ಲವರಿಗೆ ನಂಬಲರ್ಹವಾದ ಊಹೆ.

ಎಷ್ಟು ಭೇಟಿ ಬೇಕು ಎಂಬುದಕ್ಕೆ ಅಮೆರಿಕದ ಮೂರು ನಗರಗಳಲ್ಲಿ 450 ಅವಲಂಬಿತ ವಯಸ್ಕರ ಮೇಲೆ ನಡೆದು 2004ರಲ್ಲಿ ಹೊರಬಂದ ಪ್ರಯೋಗ ಉತ್ತರ ಕೊಡುತ್ತದೆ. ಏನೂ ಸಿಗದೆ ಕಾದವರಿಗಿಂತ ಎರಡು ಭೇಟಿ ಪಡೆದವರು ಮೇಲು, ಅವರಿಗಿಂತ ಒಂಬತ್ತು ಭೇಟಿ ಪಡೆದವರು ಮೇಲು. ಹದಿಹರೆಯದವರ ವಿಷಯದಲ್ಲಿ ಸಾಕ್ಷ್ಯ ಇನ್ನೂ ತೆಳುವಾಗಿದೆ: ಅಮೆರಿಕದ ರೋಗನಿರೋಧ ಕಾರ್ಯಪಡೆ 2020ರಲ್ಲಿ ಎಲ್ಲ ವಯಸ್ಕರಿಗೂ ಮಾದಕ ಬಳಕೆಯ ಪ್ರಶ್ನೆ ಕೇಳಿ ಎಂದಿತು, ಹದಿನೆಂಟರ ಒಳಗಿನವರ ಬಗ್ಗೆ ಸಾಕ್ಷ್ಯ ಸಾಲದು ಎಂದಿತು. ಒಟ್ಟಾರೆ ನೋಡಿದರೆ ಫಲ ಸಣ್ಣದು, ಸ್ವಲ್ಪ ಕಾಲದ್ದು, ಆದರೆ ಖರ್ಚು ಅದಕ್ಕಿಂತಲೂ ಸಣ್ಣದು. ಹತ್ತು ಮಂದಿಯಲ್ಲಿ ಒಬ್ಬ ಹೆಚ್ಚಾಗಿ ಹಿಂದೆ ಸರಿದರೂ ಒಂದು ತಾಲ್ಲೂಕಿಗೆ ಅದು ಸಣ್ಣ ಸಂಗತಿಯಲ್ಲ.

ವೈದ್ಯರಲ್ಲದವರು ಇದನ್ನು ಮಾಡಬಹುದೇ ಎಂಬ ಅನುಮಾನಕ್ಕೆ ಪಕ್ಕದ ಗೋವಾದಿಂದಲೇ ಉತ್ತರ ಬಂದಿದೆ. ಅಲ್ಲಿನ ಸಂಗಾತ್ ಸಂಸ್ಥೆಯ ಅಭಿಜಿತ್ ನಾಡಕರ್ಣಿ, ವಿಕ್ರಂ ಪಟೇಲ್ ಮತ್ತು ಸಂಗಡಿಗರು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬಂದ, ಹಾನಿಯಾಗುವಷ್ಟು ಕುಡಿಯುವ 377 ಗಂಡಸರಲ್ಲಿ ಒಂದು ಗುಂಪಿಗೆ ತರಬೇತಿ ಪಡೆದ ಸ್ಥಳೀಯ ಸಮಾಲೋಚಕರಿಂದ ನಾಲ್ಕರವರೆಗೆ ಭೇಟಿ ಕೊಡಿಸಿದರು. 2017ರಲ್ಲಿ ಪ್ರಕಟವಾದಂತೆ, ಮೂರು ತಿಂಗಳ ಬಳಿಕ ಸಮಾಲೋಚನೆ ಪಡೆದವರಲ್ಲಿ ಶೇ. 36 ಮಂದಿ ಅಪಾಯದ ಮಟ್ಟದಿಂದ ಕೆಳಗಿಳಿದಿದ್ದರು, ಪಡೆಯದವರಲ್ಲಿ ಶೇ. 26. ಇದು ಮದ್ಯದ ಕಥೆ, ಗಾಂಜಾದ್ದಲ್ಲ. ಆದರೆ ಅದೇ ಹವಾಮಾನ, ಅದೇ ಬಗೆಯ ಆರೋಗ್ಯ ಕೇಂದ್ರ, ಹೆಚ್ಚುಕಡಿಮೆ ಅದೇ ಸಂಬಳದ ಸಿಬ್ಬಂದಿ.

ಕನ್ನಡ ನಾಡಿನ ಹಳೆಯ ದಾರಿಗಳು

ಒಂದೇ ಭೇಟಿಯಲ್ಲಿ ಮನುಷ್ಯನ ಮನಸ್ಸು ತಿರುಗಿಸುವ ಪ್ರಯತ್ನ ಈ ಭಾಗಕ್ಕೆ ಅಪರಿಚಿತವಲ್ಲ. ಇಳಕಲ್ಲಿನ ಚಿತ್ತರಗಿ ಮಠದ ಡಾ. ಮಹಾಂತ ಸ್ವಾಮೀಜಿ 1970ರ ದಶಕದಿಂದ ಜೋಳಿಗೆ ಹಿಡಿದು ಊರೂರು ತಿರುಗಿ, ಹಣ ಧಾನ್ಯ ಬೇಡ, ನಿಮ್ಮ ಚಟಗಳನ್ನು ಇದರಲ್ಲಿ ಹಾಕಿ ಎಂದು ಬೇಡಿದರು. ಬೀಡಿ, ಗುಟ್ಕಾ ಪೊಟ್ಟಣ, ಕುಡಿತದ ಪ್ರತಿಜ್ಞೆ ಎಲ್ಲವೂ ಆ ಮಹಾಂತ ಜೋಳಿಗೆಗೆ ಬಿದ್ದವು. ಅವರು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ಊರಿನ ಕಲ್ಯಾಣ ಮಂಟಪ, ಸಮುದಾಯ ಭವನಗಳಲ್ಲಿ ನಡೆಸುವ ಮದ್ಯವರ್ಜನ ಶಿಬಿರಗಳು ಇನ್ನೊಂದು ಮಾದರಿ.

ಜೋಳಿಗೆಗೂ ಕಿರು ಸಮಾಲೋಚನೆಗೂ ಸಮಾನವಾದದ್ದು ಗೌರವ: ಬೇಡುವವನು ಬೈಯುವುದಿಲ್ಲ. ಬೇರೆಯಾಗುವುದು ಮುಂದಿನ ಹೆಜ್ಜೆಯಲ್ಲಿ. ಪ್ರತಿಜ್ಞೆ ಮುರಿದವನು ನಾಚಿಕೆಯಿಂದ ಸ್ವಾಮಿಗಳಿಗೆ ಮುಖ ತಪ್ಪಿಸುತ್ತಾನೆ. ಸಮಾಲೋಚನೆಯಲ್ಲಿ ಮತ್ತೆ ಸೇದಿದವನು ಮತ್ತೆ ಬರಬೇಕು, ಮತ್ತು ಅವನು ಬರುವುದು ಸಹಜ ಎಂದು ಮೊದಲ ದಿನವೇ ಹೇಳಿರಬೇಕು. ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕು. ಮದ್ಯಕ್ಕಾಗಿ ಕಟ್ಟಿದ ಶಿಬಿರಕ್ಕೆ ಗಾಂಜಾ ಸೇದುವ ಇಪ್ಪತ್ತರ ಹುಡುಗನನ್ನು ಒತ್ತಾಯದಿಂದ ತಂದು, ಮೂವತ್ತು ವರ್ಷ ಕುಡಿದ ಹಿರಿಯರ ನಡುವೆ ಕೂರಿಸುವುದು ಅವನಿಗೆ ಹೊಂದುವುದಿಲ್ಲ.

ನಾಲ್ಕು ತಾಲ್ಲೂಕುಗಳಲ್ಲಿ ಏನಿದೆ

ಮಾನಸಿಕ ಆರೋಗ್ಯವನ್ನು ಜಿಲ್ಲಾ ಮಟ್ಟಕ್ಕೆ ತರುವ ಕೆಲಸ ಕರ್ನಾಟಕದಲ್ಲೇ ಹುಟ್ಟಿತು. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಿಬ್ಬಂದಿಗೆ ತರಬೇತಿ ಕೊಟ್ಟು ನಡೆಸಿದ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ರಾಜ್ಯ ಸರ್ಕಾರದ ಮನೋಚೈತನ್ಯ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋವೈದ್ಯಕೀಯ ಕ್ಲಿನಿಕ್‌ಗಳು ಶುರುವಾದವು. ಹಳ್ಳಿಯ ಉಪಕೇಂದ್ರಗಳು ಆಯುಷ್ಮಾನ್ ಆರೋಗ್ಯ ಮಂದಿರಗಳಾಗಿ, ಅಲ್ಲಿಗೆ ಬಂದ ಸಮುದಾಯ ಆರೋಗ್ಯಾಧಿಕಾರಿಗಳ ಕೆಲಸದಲ್ಲಿ ಮಾನಸಿಕ ಆರೋಗ್ಯವೂ ಸೇರಿದೆ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ನಿಮ್ಹಾನ್ಸ್ ಜೊತೆಗೂಡಿ ನಡೆಸುವ ಯುವ ಸ್ಪಂದನ ಕೇಂದ್ರಗಳು ಜಿಲ್ಲಾ ಕೇಂದ್ರಗಳಲ್ಲಿವೆ. ತರಬೇತಿ ಪಡೆದ ಯುವ ಪರಿವರ್ತಕರು ಓದು, ಸಂಬಂಧ, ಚಟ, ಮನಸ್ಸಿನ ಬೇಗುದಿಗಳ ಬಗ್ಗೆ ಯುವಜನರಿಗೆ ದಾರಿ ತೋರಿಸುತ್ತಾರೆ. ಆಸ್ಪತ್ರೆಯ ಮೆಟ್ಟಿಲು ಹತ್ತಲು ಹಿಂಜರಿಯುವ ಹುಡುಗನಿಗೆ ಈ ಕೇಂದ್ರಗಳಿರುವ ಕ್ರೀಡಾಂಗಣದ ಅಂಗಳ ಸುಲಭ. ಹೆಚ್ಚಿನ ಚಿಕಿತ್ಸೆಗೆ ಧಾರವಾಡದ ಡಿಮ್ಹಾನ್ಸ್ ಇದೆ. 1845ರಲ್ಲಿ ಹುಚ್ಚಾಸ್ಪತ್ರೆಯಾಗಿ ಶುರುವಾದ ಆ ಸಂಸ್ಥೆ ಇಂದು ಉತ್ತರ ಕರ್ನಾಟಕದ ಮುಖ್ಯ ಮನೋವೈದ್ಯಕೀಯ ಕೇಂದ್ರ. ಆದರೆ ಹಿರೇಕೆರೂರಿನ ಹಳ್ಳಿಯಿಂದ ಧಾರವಾಡಕ್ಕೆ ಹೋಗಿ ಬರಲು ಇಬ್ಬರ ಒಂದು ದಿನದ ಕೂಲಿ ಹೋಗುತ್ತದೆ. ಹಾಗಾಗಿ ಜನ ಅಲ್ಲಿಗೆ ಹೋಗುವುದು ಹುಡುಗ ಗೋಡೆಯೊಂದಿಗೆ ಮಾತಾಡತೊಡಗಿದ ಮೇಲೆ. ಮಾತಿನಿಂದ ತಿದ್ದಬಹುದಾದ ಹಂತ ಅಷ್ಟರಲ್ಲಿ ದಾಟಿರುತ್ತದೆ.

ಕಿರು ಸಮಾಲೋಚನೆಗೆ ಬೇಕಾದ ಕಟ್ಟಡ, ಹುದ್ದೆ, ದಿನ ಎಲ್ಲವೂ ಕಾಗದದ ಮೇಲೆ ಈಗಾಗಲೇ ಇವೆ. ಬೇಕಾದದ್ದು ಅಭ್ಯಾಸ. ಬೈಕಿನಿಂದ ಬಿದ್ದು ಹೊಲಿಗೆ ಹಾಕಿಸಿಕೊಳ್ಳಲು ಬಂದವನಿಗೆ, ಕೆಮ್ಮಿಗೆ, ನಿದ್ದೆಗೆ, ಎದೆ ಬಡಿತಕ್ಕೆ ಎಂದು ಬಂದವನಿಗೆ ಬೀಡಿ, ಎಣ್ಣೆ, ಗಾಂಜಾದ ಪ್ರಶ್ನೆಗಳನ್ನು ಬಿಪಿ ನೋಡುವಷ್ಟೇ ಸಹಜವಾಗಿ ಕೇಳುವ ಅಭ್ಯಾಸ. ಪದವಿ ಕಾಲೇಜು, ಐಟಿಐ, ಹಾಸ್ಟೆಲ್‌ಗಳಲ್ಲಿ ಒಬ್ಬ ಅಧ್ಯಾಪಕರೋ ವಾರ್ಡನ್ನೋ ಈ ತರಬೇತಿ ಪಡೆದಿದ್ದರೆ ದಾರಿ ಇನ್ನೂ ಹತ್ತಿರವಾಗುತ್ತದೆ. ಸಿಕ್ಕಿಬಿದ್ದವನನ್ನು ಹಾಸ್ಟೆಲಿನಿಂದ ಹೊರಹಾಕಿದರೆ ಸಮಸ್ಯೆ ಹಾಸ್ಟೆಲ್ಲಿಗೆ ಮುಗಿಯುತ್ತದೆ, ಹುಡುಗನಿಗೆ ಅಲ್ಲ.

ಕೆಲವು ಲಕ್ಷಣಗಳಿದ್ದರೆ ಕಿರು ಸಮಾಲೋಚನೆ ಸಾಲದು, ಕಾಯುವಂತೆಯೂ ಇಲ್ಲ. ಯಾರೋ ಮಾತಾಡಿದಂತೆ ಕೇಳಿಸುವುದು, ಎಲ್ಲರೂ ತನ್ನ ವಿರುದ್ಧ ಸಂಚು ಮಾಡುತ್ತಿದ್ದಾರೆ ಎಂಬ ಗಾಢ ಅನುಮಾನ, ಸಾಯುವ ಮಾತು, ಬೇರೆ ಮಾದಕಗಳ ಚುಚ್ಚುಮದ್ದು, ದಿನವಿಡೀ ಸೇದದೆ ಇರಲಾರದ ಸ್ಥಿತಿ ಕಂಡರೆ ಮನೋವೈದ್ಯರನ್ನು ಕೂಡಲೇ ಕಾಣಬೇಕು. ಮನೆಯವರು ಅವನ ಜೇಬು ಹುಡುಕಿ, ಹೊಡೆದು, ಕೋಣೆಯಲ್ಲಿ ಕೂಡಿಹಾಕುವುದರಿಂದ ಕಳೆದುಕೊಳ್ಳುವುದು ಅವನ ನಂಬಿಕೆಯನ್ನು. ಚಿಕಿತ್ಸೆಗೆ ಬೇಕಾದದ್ದು ಅದೇ. ನಶೆ ಇಲ್ಲದ ಹೊತ್ತಿನಲ್ಲಿ, ನೆರೆಹೊರೆ ಕೇಳದ ಜಾಗದಲ್ಲಿ, ಕಂಡದ್ದನ್ನಷ್ಟೇ ಹೇಳಿ ಅವನ ಮಾತು ಕೇಳುವುದು ತಾಯಿ ತಂದೆ ಮಾಡಬಹುದಾದ ಮೊದಲ ಕೆಲಸ.

ಹೆಸರು ಹೇಳದೆ ಮಾತಾಡಬೇಕೆನ್ನುವವರಿಗೆ ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಟೆಲಿ ಮನಸ್ ಸಹಾಯವಾಣಿ ಇದೆ. ಅದರ ಸಂಖ್ಯೆ 14416. ವ್ಯಸನಮುಕ್ತಿಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ಟೆಲಿ ಮನಸ್ ಹಗಲು ರಾತ್ರಿ ತೆರೆದಿರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ಕರೆಗೆ ಹಣವಿಲ್ಲ.